ಮಣ್ಣಿಗೆ ತಕ್ಕ ಗಾಲಿ

ಟ್ರ್ಯಾಕ್ಟರಿನ ಶಕ್ತಿಯನ್ನು ಅದರ ಎಂಜಿನ್ನಿನಿಂದ ಅಳೆಯುವುದು ನಮ್ಮ ರೂಢಿ. ಆದರೆ ಆ ಶಕ್ತಿ ನೆಲಕ್ಕಿಳಿಯುವುದು ಹಿಂದಿನ ಟೈರುಗಳು ಮಣ್ಣನ್ನು ಮುಟ್ಟುವ ಕಿರಿದಾದ ಎಡೆಯಲ್ಲಿ. ಅಲ್ಲಿ ಹಿಡಿತ ತಪ್ಪಿದರೆ ಡೀಸೆಲ್ ಉರಿದೀತೇ ಹೊರತು ಉಳುಮೆ ಸಾಗದು. ಮೊದಲು ಟ್ರ್ಯಾಕ್ಟರುಗಳಿಗೆ ಕಬ್ಬಿಣದ ಗಾಲಿಗಳಿದ್ದವು. 1932ರ ಸುಮಾರಿಗೆ ಅಮೆರಿಕದಲ್ಲಿ ಗಾಳಿ ತುಂಬಿದ ರಬ್ಬರಿನ ಟೈರು ಬಳಕೆಗೆ ಬಂದಮೇಲೆ ಒಂದೇ ಯಂತ್ರ ಹೊಲದಲ್ಲೂ ರಸ್ತೆಯಲ್ಲೂ ದುಡಿಯುವಂತಾಯಿತು. ಆಯ್ಕೆಯ ತೊಡಕೂ ಅದರೊಡನೆಯೇ ಬಂದಿತು.

ಈ ಟೈರಿನ ಮೈಮೇಲೆ ಓರೆಯಾಗಿ ಎದ್ದು ನಿಂತ ರಬ್ಬರಿನ ಪಟ್ಟಿಗಳಿರುತ್ತವೆ, ಅವನ್ನು ಹಲ್ಲುಗಳೆನ್ನೋಣ. ತುಮಕೂರಿನ ಸುತ್ತಣ ಕೆಂಪುಮಣ್ಣಿನ ರಾಗಿಹೊಲಗಳಿಗೆ ಸಾಧಾರಣ ಆಳದ ಹಲ್ಲುಗಳೇ ಸಾಕು. ಉಳುವಾಗ ಗಾಲಿ ಶೇಕಡಾ 10ರಿಂದ 15ರಷ್ಟು ಜಾರುವುದು ಸಹಜ. ಅದಕ್ಕೂ ಮಿಗಿಲಾಗಿ ಜಾರಿದರೆ ಟ್ಯೂಬಿಗೆ ಮುಕ್ಕಾಲು ಪಾಲು ನೀರು ತುಂಬಿ ಭಾರ ಹೆಚ್ಚಿಸುವ ಪದ್ಧತಿಯುಂಟು.

ಕುಣಿಗಲಿನ ದೊಡ್ಡಕೆರೆಯ ಕೆಳಗಣ ಗದ್ದೆಗೆ ಇಳಿದರೆ ಲೆಕ್ಕವೇ ಬೇರೆ. ಕೆಸರು ಹಲ್ಲುಗಳ ಸಂದುಗಳಲ್ಲಿ ಮೆತ್ತಿಕೊಂಡು ಟೈರು ನುಣ್ಣನೆಯ ಉರುಳೆಯಾಗಿಬಿಡುತ್ತದೆ. ಅಂಥ ಕಡೆಗೆ ಸುಮಾರು ಇಮ್ಮಡಿ ಆಳದ ಹಲ್ಲುಗಳುಳ್ಳ ಟೈರು, ಇಲ್ಲವೇ ಕಬ್ಬಿಣದ ಪಂಜರಗಾಲಿ ಬೇಕು. ಆದರೆ ಪಂಜರಗಾಲಿ ಡಾಂಬರು ರಸ್ತೆಯನ್ನು ಕೆಡಿಸುತ್ತದೆ. ಆಳದ ಹಲ್ಲು ರಸ್ತೆಯಲ್ಲಿ ಬೇಗ ಸವೆಯುತ್ತದೆ.

ಗುಬ್ಬಿಯ ತೆಂಗು ಅಡಕೆಯ ತೋಟಗಳಲ್ಲಿ ಹಿಡಿತಕ್ಕಿಂತ ಭಾರವೇ ಮುಖ್ಯ ಪ್ರಶ್ನೆ. ಅಡಕೆಯ ಬೇರುಗಳು ಹೆಚ್ಚಾಗಿ ಮೇಲುಮಣ್ಣಿನಲ್ಲೇ ಹರಡಿರುತ್ತವೆ. ತೇವವಿರುವಾಗ ಭಾರದ ಗಾಲಿ ಹರಿದರೆ ಮಣ್ಣಿನ ಕಣಗಳು ಒತ್ತೊತ್ತಾಗಿ, ಗಾಳಿಯೂ ನೀರೂ ಬೇರಿಗೆ ಇಳಿಯುವ ದಾರಿಗಳು ಮುಚ್ಚಿಹೋಗುತ್ತವೆ. ಇಲ್ಲಿಗೆ ಸಣ್ಣ ಟ್ರ್ಯಾಕ್ಟರು, ಅಗಲವಾದ ಟೈರು ಲೇಸು. ತಯಾರಕರು ಸೂಚಿಸಿದ ಮಿತಿಯೊಳಗೆ ಗಾಳಿಯನ್ನು ತಗ್ಗಿಸಿದರೆ ಟೈರು ನೆಲದ ಮೇಲೆ ಹರವಿಕೊಂಡು ಒತ್ತಡ ಹಂಚಿಹೋಗುತ್ತದೆ. ಕಾಯಿಯ ಹೇರು ಹೊತ್ತು ಪೇಟೆಗೆ ಹೊರಡುವಾಗ ಮತ್ತೆ ಗಾಳಿ ತುಂಬಬೇಕು. ಇಲ್ಲವಾದರೆ ಟೈರಿನ ಪಕ್ಕೆ ಬಿರಿದೀತು.

ಮೂರು ನೆಲಕ್ಕೂ ಮೂರು ಜೊತೆ ಟೈರು ಕೊಳ್ಳುವ ಶಕ್ತಿ ಎಷ್ಟು ರೈತರಿಗುಂಟು? ಆದುದರಿಂದ ಕೊಳ್ಳುವವನು ಅಂಗಡಿಯಲ್ಲಿ ಬೆಲೆ ಕೇಳುವ ಮುನ್ನ, ವರ್ಷದಲ್ಲಿ ತನ್ನ ಗಾಡಿ ಯಾವ ನೆಲದ ಮೇಲೆ ಹೆಚ್ಚು ದಿನ ನಿಲ್ಲುತ್ತದೆಂದು ಲೆಕ್ಕ ಹಾಕಬೇಕು. ಬಾಡಿಗೆಯ ಆಸೆಗೆ ರಸ್ತೆಯನ್ನೇ ನೆನೆದು ಕೊಂಡ ಟೈರಿನ ದಂಡವನ್ನು ಹೊಲ ತೆರುತ್ತದೆ. ಸವೆದ ಟೈರನ್ನು ಹಣ ಕೊಟ್ಟು ಬದಲಾಯಿಸಬಹುದು. ಆಳದಲ್ಲಿ ಗಟ್ಟಿಗೊಂಡ ಮಣ್ಣು ಮತ್ತೆ ಸಡಿಲಗೊಳ್ಳಲು ಎಷ್ಟೋ ವರ್ಷಗಳು ಬೇಕು.