‘7 ದಿನ ಆಗಿಹೋಯ್ತು’ ಎಂಬ ಮಾತಿಗೆ ಬಾಗಬೇಡಿ

ಹೊಸ ಫೋನಿನ ಪರದೆಯ ಮೇಲೆ ಹತ್ತೇ ದಿನಕ್ಕೆ ಹಸಿರು ಗೆರೆ ಮೂಡುತ್ತದೆ. ಅಂಗಡಿಗೆ ಹೋದರೆ ಕೌಂಟರಿನ ಹುಡುಗ ಬಿಲ್ಲಿನ ತಾರೀಖು ನೋಡಿ, ‘7 ದಿನ ಆಗಿಹೋಯ್ತು ಸರ್, ಸರ್ವಿಸ್ ಸೆಂಟರಿಗೆ ಹೋಗಿ, ನಮಗಿನ್ನು ಸಂಬಂಧವಿಲ್ಲ’ ಅನ್ನುತ್ತಾನೆ. ಸಾವಿರಾರು ರೂಪಾಯಿ ಎಣಿಸಿ ಕೊಟ್ಟವರು ಮರುಮಾತಿಲ್ಲದೆ ಇಳಿದು ಬರುತ್ತಾರೆ. ಆ ಹುಡುಗನ ಮೇಲೆ ನನಗೆ ಕೋಪವಿಲ್ಲ, ಹೇಳಿಕೊಟ್ಟಿದ್ದನ್ನು ಅವನು ಹೇಳಿದ. ಆದರೆ ಓದು ಬರಹ ಬಲ್ಲವರೇ ಆ ಮಾತನ್ನು ಕಾನೂನು ಎಂದು ನಂಬಿ, ಊರವರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗುವುದನ್ನು ಕಂಡರೆ ಮೈ ಉರಿಯುತ್ತದೆ.

7 ದಿನ ಎಂಬುದು ಮಾರುವವನು ತನ್ನ ವ್ಯಾಪಾರಕ್ಕೆ ತಾನೇ ಹಾಕಿಕೊಂಡ ಗಡುವು. ಅಷ್ಟರೊಳಗೆ ತಂದರೆ ತಕರಾರಿಲ್ಲದೆ ಬದಲಿಸಿ ಕೊಡುತ್ತೇವೆ ಎಂಬ ಭರವಸೆ. ಅದು ಮುಗಿದಾಗ ಮುಗಿಯುವುದು ಆ ಸೌಲಭ್ಯ ಮಾತ್ರ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೋಷವಿರುವ ಸರಕನ್ನು ಹಿಂದಕ್ಕೆ ಪಡೆದು ಹಣ ಮರಳಿಸಲು ಒಪ್ಪದಿರುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆದಿದೆ. ಬಿಲ್ಲಿನಲ್ಲಿ ಅವಧಿ ನಮೂದಿಸಿದ್ದರೆ ಆ ಅವಧಿ, ಇಲ್ಲದಿದ್ದರೆ 30 ದಿನ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಆ ಅವಧಿ ದಾಟಿದರೂ ದೋಷದ ಬಗ್ಗೆ ಗ್ರಾಹಕರ ಆಯೋಗಕ್ಕೆ ಹೋಗುವ ದಾರಿ ಮುಚ್ಚುವುದಿಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷ ಕಾಲಾವಕಾಶವಿದೆ. ದೋಷ ಸರಿಪಡಿಸಿ, ಹೊಸದನ್ನು ಕೊಡಿ, ಹಣ ವಾಪಸ್ ಮಾಡಿ, ಈ ಮೂರರಲ್ಲಿ ಯಾವುದನ್ನು ಬೇಕಾದರೂ ಆಯೋಗ ಆದೇಶಿಸಬಹುದು.

ಇಷ್ಟು ಕೇಳಿದ ಕೂಡಲೇ ಕೆಲವರು ಇನ್ನೊಂದು ಅಂಚಿಗೆ ಓಡುತ್ತಾರೆ: ‘ವಾರಂಟಿ ಇದೆಯಲ್ಲ, ಹೊಸ ಫೋನೇ ಕೊಡಬೇಕು!’ ಅದೂ ತಪ್ಪು. ದುರಸ್ತಿಯೋ ಬದಲಿಯೋ ಎಂಬ ಆಯ್ಕೆಯನ್ನು ವಾರಂಟಿ ಪತ್ರಗಳು ಸಾಮಾನ್ಯವಾಗಿ ಕಂಪನಿಯ ಕೈಯಲ್ಲೇ ಇಟ್ಟಿರುತ್ತವೆ. ಆಯೋಗದ ಮುಂದೆ ನಿಮ್ಮ ಮಾತಿಗೆ ತೂಕ ಬರುವುದು ಅದೇ ದೋಷ ಮತ್ತೆ ಮತ್ತೆ ಮರುಕಳಿಸಿದ್ದಕ್ಕೆ ದಾಖಲೆ ಇದ್ದಾಗ. ನಮ್ಮವರು ಸೋಲುವುದು ಇಲ್ಲಿಯೇ. ಸರ್ವಿಸ್ ಸೆಂಟರಿನವರು ‘ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ್ದೇವೆ, ಸರಿಹೋಗುತ್ತೆ’ ಎಂದು ಬಾಯಲ್ಲಿ ಹೇಳಿದರೆ ತಲೆಯಾಡಿಸಿ ಬರುತ್ತಾರೆ. ಜಾಬ್ ಶೀಟ್ ಕೇಳುವುದಿಲ್ಲ. ಕೊಟ್ಟರೂ ಅದರಲ್ಲಿ ಏನು ಬರೆದಿದೆ ಎಂದು ನೋಡುವುದಿಲ್ಲ. ಪರದೆಯಲ್ಲಿ ಗೆರೆ ಬಂದಿದ್ದರೆ ‘ಪರದೆಯಲ್ಲಿ ಗೆರೆ’ ಎಂದೇ ಬರೆಸಿ. ‘ಸಾಮಾನ್ಯ ತಪಾಸಣೆ’ ಎಂದು ಬರೆದ ಚೀಟಿಗೆ ಸಹಿ ಹಾಕಿದಿರೋ, ಮೂರು ಸಲ ಅಲೆದದ್ದಕ್ಕೂ ಸಾಕ್ಷಿ ಉಳಿಯುವುದಿಲ್ಲ. ಫೋನಿನ ಐಎಂಇಐ ಸಂಖ್ಯೆ ಚೀಟಿಯಲ್ಲಿರಲಿ. ಫೋನ್ ಒಪ್ಪಿಸುವ ಮುನ್ನ ಗೆರೆಯ ಫೋಟೊ, ವಿಡಿಯೊ ತೆಗೆದಿಡಿ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಕಿಲ್ಲ. ಅಮೆರಿಕದಲ್ಲಿರುವ ಮಗ ‘ಇಲ್ಲಿ ಸಿಮ್ ಕಂಪನಿಯೇ ಫೋನ್ ಬದಲಿಸಿ ಕೊಡುತ್ತೆ’ ಅಂದದ್ದನ್ನು ನಂಬಿ ಇಲ್ಲಿ ಏರ್‌ಟೆಲ್, ಜಿಯೊ ಮಳಿಗೆಗೆ ಹೋಗಿ ಜಗಳವಾಡಬೇಡಿ. ಅಲ್ಲಿ ದೂರಸಂಪರ್ಕ ಕಂಪನಿಗಳೇ ಕಂತಿನ ಮೇಲೆ ಫೋನ್ ಮಾರುತ್ತವೆ, ಹಾಗಾಗಿ ಬದಲಿಯೂ ಅವುಗಳ ಮೂಲಕ ಬರುತ್ತದೆ. ಆ ಬದಲಿಯೂ ಸಾಮಾನ್ಯವಾಗಿ ದುರಸ್ತಿ ಮಾಡಿ ಪರೀಕ್ಷಿಸಿದ ಹಳೆಯ ಫೋನೇ ಆಗಿರುತ್ತದೆ. ನೆನೆದ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡುವವರೇ, ಅಕ್ಕಿಯ ಚೂರು ಒಳಹೊಕ್ಕು ಹಾನಿ ಮಾಡಬಹುದು, ಹಾಗೆ ಮಾಡಬೇಡಿ ಎಂದು ಆಪಲ್ ಕಂಪನಿಯೇ ಹೇಳಿದೆ. ನೀರು ತಡೆಯುವ ಫೋನ್ ಎಂಬ ಜಾಹೀರಾತು ನೋಡಿ ಕೊಂಡವರು ವಾರಂಟಿ ಪತ್ರವನ್ನೂ ಓದಲಿ, ನೀರಿನಿಂದಾದ ಹಾನಿಯನ್ನು ಬಹುಪಾಲು ಕಂಪನಿಗಳು ವಾರಂಟಿಯಿಂದ ಹೊರಗಿಟ್ಟಿರುತ್ತವೆ.

ತರಕಾರಿ ಕೊಳ್ಳುವಾಗ ಐದು ರೂಪಾಯಿಗೆ ಚೌಕಾಸಿ ಮಾಡುವ ಜನ ನಾವು. ಆದರೆ ಗಾಜಿನ ಬಾಗಿಲು, ಎಸಿ, ಟೈ ಕಟ್ಟಿದ ಹುಡುಗ ಕಂಡರೆ ನಮ್ಮ ಪ್ರಶ್ನೆಗಳೆಲ್ಲ ಅಡಗಿಹೋಗುತ್ತವೆ. ಅಚ್ಚಾದದ್ದೆಲ್ಲ ನಿಯಮ, ಇಂಗ್ಲಿಷಿನಲ್ಲಿದ್ದರೆ ಕಾನೂನು ಎಂದುಕೊಂಡುಬಿಡುತ್ತೇವೆ. ‘ಮಾರಿದ ಮಾಲು ವಾಪಸ್ ಇಲ್ಲ’ ಎಂದು ಬಿಲ್ಲಿನ ಕೆಳಗೆ ಅಚ್ಚು ಹಾಕಿಸಿದವನಿಗೆ ಸಂಸತ್ತು ಮಾಡಿದ ಕಾಯ್ದೆಯನ್ನು ಅಳಿಸುವ ಅಧಿಕಾರ ಎಲ್ಲಿಂದ ಬರಬೇಕು?

ಮೊದಲು 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ನೀವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಿ, ಕಂಪನಿಯ ಕಚೇರಿ ದೆಹಲಿಯಲ್ಲಿದ್ದರೂ ನೀವು ಅಲ್ಲಿಗೆ ಹೋಗಬೇಕಿಲ್ಲ. ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ವಕೀಲರು ಕಡ್ಡಾಯವಲ್ಲ. 5 ಲಕ್ಷ ರೂಪಾಯಿವರೆಗೆ ಬೆಲೆ ಕೊಟ್ಟು ಕೊಂಡ ಸರಕಿನ ದೂರಿಗೆ ಶುಲ್ಕವೂ ಇಲ್ಲ.