ಸಸೆಪ್ಟಿಬಲ್ ಅಂದ್ರೆ ವೀಕಾ?

ಡಿಕ್ಷನರಿ ನೋಡಿ ನಾವು ಸಸೆಪ್ಟಿಬಲ್, ವಲ್ನರಬಲ್ ಎರಡನ್ನೂ 'ದುರ್ಬಲ' ಅಂತ ಮುಗಿಸಿಬಿಡ್ತೀವಿ. ವಲ್ನರಬಲ್‌ನ ಲ್ಯಾಟಿನ್ ಬೇರು ಗಾಯ. ಸಸೆಪ್ಟಿಬಲ್‌ನದು ಎತ್ತಿಕೊಳ್ಳು, ಸ್ವೀಕರಿಸು. ಫಿಸಿಕ್ಸಲ್ಲಿ ಓದಿದ ಮ್ಯಾಗ್ನೆಟಿಕ್ ಸಸೆಪ್ಟಿಬಿಲಿಟಿ ನೆನಪಿದೆಯಲ್ಲ (ಎಕ್ಸಾಮ್ ಮುಗಿದ್ಮೇಲೂ!): ಹೊರಗಿನ ಕಾಂತಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತೆ ಅನ್ನೋ ಲೆಕ್ಕ. ತಾಮ್ರದ್ದು ಮೈನಸ್, ಕಬ್ಬಿಣದ್ದು ಬಹಳ ಜಾಸ್ತಿ. ಕಬ್ಬಿಣವನ್ನು ಯಾರಾದ್ರೂ ವೀಕ್ ಅಂತಾರಾ? ಸಾಂಕ್ರಾಮಿಕ ರೋಗದ ಎಸ್‌ಐಆರ್ ಮಾಡೆಲ್‌ನಲ್ಲೂ 'ಎಸ್' ಇದೇ ಪದ: ಇನ್ನೂ ಸೋಂಕು ತಗುಲದ, ಆದ್ರೆ ತಗುಲಬಹುದಾದವರು. ಕಬಡ್ಡಿ ಟೀಮಿನ ಗಟ್ಟಿಗನೂ ಅದರಲ್ಲಿರಬಹುದು.

ಬಳಸುವಾಗ ಸಾಮಾನ್ಯವಾಗಿ ಮುಂದೆ 'ಟು' ಬರುತ್ತೆ, ಯಾವುದಕ್ಕೆ ಅಂತ ಹೇಳಬೇಕಲ್ಲ. ಕನ್ನಡದಲ್ಲಿ 'ಬೇಗ ತಗಲುತ್ತೆ', 'ಬೇಗ ನಾಟುತ್ತೆ' ಸಾಕು. ಹಾಸ್ಟೆಲಲ್ಲಿ ತಮಾಷೆಗೆ ಕಣ್ಣು ತುಂಬಿಕೊಂಡ ಗೆಳೆಯನನ್ನ ವೀಕ್ ಅಂದ್ರೆ ತಪ್ಪೆಲ್ಲ ಅವನದೇ. 'ಅವನಿಗೆ ಮಾತು ಬೇಗ ನಾಟುತ್ತೆ' ಅಂದ್ರೆ, ಆಡಿದ ಮಾತು ಯಾವುದು ಅಂತಾನೂ ಕೇಳಬೇಕಾಗುತ್ತೆ.