ಲಾರಿಯ ಆಯಿಲ್ ಸೋರುತ್ತಿದೆಯೆ? ಬಿಗಿಯುವ ಮುನ್ನ ನೋಡಿ

ರಾತ್ರಿ ಅಂಗಳದಲ್ಲಿ ನಿಲ್ಲಿಸಿದ ಲಾರಿಯನ್ನು ಬೆಳಿಗ್ಗೆ ತೆಗೆದಾಗ ನೆಲದ ಮೇಲೆ ಅಂಗೈಯಗಲದ ಕಪ್ಪು ಕಲೆ ಕಾಣುತ್ತದೆ. ಭತ್ತದ ಚೀಲ ಹೇರಿಯಾಗಿದೆ, ಆಳುಗಳು ಕಾದಿದ್ದಾರೆ, ಮಂಡಿಗೆ ಹೊತ್ತಾಗುತ್ತಿದೆ. ಆಗ ನಾವು ಮಾಡುವ ಕೆಲಸ ಒಂದೇ. ಕೈಗೆ ಸಿಕ್ಕ ಸ್ಪ್ಯಾನರ್ ಹಿಡಿದು ಗಾಡಿಯ ಅಡಿಗೆ ನುಸುಳಿ, ಡ್ರೈನ್ ಪ್ಲಗ್ಗನ್ನು ಬಲವಾಗಿ ಇನ್ನೊಂದು ಸುತ್ತು ತಿರುಗಿಸಿ ಹೊರಡುವುದು. ನೂರು ರೂಪಾಯಿಯೊಳಗೆ ಮುಗಿಯಬೇಕಾದ ಕೆಲಸ ಸಾವಿರಾರು ರೂಪಾಯಿಗೆ ಏರುವುದು ಬಹಳ ಸಲ ಈ ಒಂದು ಸುತ್ತಿನಿಂದಲೇ.

ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ವಿಮಾನ ನಿಲ್ದಾಣ ಆರಂಭವಾಯಿತು. ತಲೆಯ ಮೇಲೆ ವಿಮಾನ ಹಾರಿದರೂ, ಶಿವಮೊಗ್ಗ ಭದ್ರಾವತಿಗಳ ನಡುವಿನ ಈ ಹಳ್ಳಿಗಳಿಂದ ಭತ್ತ, ಅಡಿಕೆ, ಮೆಕ್ಕೆಜೋಳ ಪೇಟೆಗೆ ಹೋಗುವುದು ಲಾರಿ, ಪಿಕಪ್ಪು, ಟ್ರ್ಯಾಕ್ಟರುಗಳಲ್ಲಿಯೇ. ವಿಮಾನದ ಇಂಜಿನ್ನಿನ ಆಯಿಲ್ ಪ್ಲಗ್ಗು ಕದಲದಂತೆ ಅದರ ತಲೆಗೆ ರಂಧ್ರ ಕೊರೆದು ತಂತಿಯಿಂದ ಬಿಗಿದು ಕಟ್ಟುವ ಪದ್ಧತಿಯುಂಟು. ಆಕಾಶದಲ್ಲಿ ಪ್ಲಗ್ಗು ಬಿದ್ದರೆ ಗಾಡಿಯನ್ನು ರಸ್ತೆಬದಿಗೆ ನಿಲ್ಲಿಸುವಂತಿಲ್ಲವಲ್ಲ! ನಮ್ಮ ಲಾರಿಗೆ ಆ ತಂತಿಯಿಲ್ಲ. ಒಂದು ವಾಷರು ಮತ್ತು ಹದವಾದ ಬಿಗಿ, ಇವೆರಡೇ ಅದರ ಕಾವಲು.

ಇಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿಯನ್ನು ಮೇಸ್ತ್ರಿಗಳು ಚೇಂಬರು ಎನ್ನುತ್ತಾರೆ. ಅದರ ಅತಿ ತಗ್ಗಿನ ಜಾಗದಲ್ಲಿ ಈ ಪ್ಲಗ್ಗಿದೆ. ಇಲ್ಲಿಯೇ ಮೊದಲ ಮೋಸ ಅಡಗಿರುವುದು. ಇಂಜಿನ್ನಿನ ಮೇಲ್ಭಾಗದಲ್ಲಿ ಎಲ್ಲಿ ಸೋರಿದರೂ ಆ ಆಯಿಲ್ ಇಳಿದು ಬಂದು ಕೊನೆಗೆ ಪ್ಲಗ್ಗಿನ ತಲೆಯಿಂದಲೇ ತೊಟ್ಟಿಕ್ಕುತ್ತದೆ. ಮೇಲಿನ ಮುಚ್ಚಳದ ಪ್ಯಾಕಿಂಗ್ ಹೋಗಿರಬಹುದು, ಫಿಲ್ಟರು ಸಡಿಲವಾಗಿರಬಹುದು, ಚೇಂಬರಿನ ಸುತ್ತಲಿನ ಪ್ಯಾಕಿಂಗೇ ಒಣಗಿರಬಹುದು. ಹನಿ ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ.

ಇದನ್ನು ಕಂಡುಹಿಡಿಯಲು ಯಂತ್ರವೇನೂ ಬೇಡ. ಇಂಜಿನ್ ಆರಿದ್ದಾಗ ಪ್ಲಗ್ಗನ್ನೂ ಅದರ ಸುತ್ತಲಿನ ಒಂದಡಿ ಜಾಗವನ್ನೂ ಡೀಸೆಲ್ ಅದ್ದಿದ ಬಟ್ಟೆಯಿಂದ ಒರೆಸಿ, ಮತ್ತೆ ಒಣಬಟ್ಟೆಯಿಂದ ಒರೆಸಿರಿ. ಮನೆಯಲ್ಲಿ ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿ. ರಂಗೋಲಿ ಪುಡಿ ಬೇಡ, ಅದು ಕಲ್ಲಿನ ಪುಡಿ. ಪ್ಲಗ್ಗು ಬಿಚ್ಚುವಾಗ ಒಳಗೆ ಸೇರಿದರೆ ಬೇರಿಂಗನ್ನು ಅರೆದುಬಿಡುತ್ತದೆ. ಇನ್ನು ಗಾಡಿಯನ್ನು ನಿಂತಲ್ಲೇ ಹತ್ತು ನಿಮಿಷ ಓಡಿಸಿ, ಆರಿಸಿ, ಟಾರ್ಚು ಹಿಡಿದು ನೋಡಿ. ಬಿಳಿಯ ಮೇಲೆ ಕಪ್ಪುಗೆರೆ ಪ್ಲಗ್ಗಿನ ಅಂಚಿನಿಂದಲೇ ಹೊರಟಿದೆಯೋ, ಮೇಲಿನಿಂದ ಇಳಿದು ಬಂದಿದೆಯೋ ಸ್ಪಷ್ಟವಾಗಿ ತಿಳಿಯುತ್ತದೆ. ಇಂಜಿನ್ನೂ ಗೇರ್ ಬಾಕ್ಸೂ ಕೂಡುವ ಕಡೆಯಿಂದ ಹನಿಯುತ್ತಿದ್ದರೆ ಅದು ಒಳಗಿನ ಆಯಿಲ್ ಸೀಲಿನ ದೋಷ. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಗಂಧಕದಂಥ ವಾಸನೆಯಿದ್ದರೆ ಗೇರ್ ಆಯಿಲ್ ಎಂದು ತಿಳಿಯಿರಿ.

ಎಷ್ಟು ಸೋರಿದರೆ ಚಿಂತೆ? ಇಪ್ಪತ್ತೈದು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿಯೋಣ. ಸೆಕೆಂಡಿಗೊಂದು ಹನಿ ಬಿದ್ದರೆ ಗಂಟೆಗೆ 144 ಮಿಲಿಲೀಟರ್, ಏಳು ಗಂಟೆಗೆ ಒಂದು ಲೀಟರು. ಟ್ರ್ಯಾಕ್ಟರಿನ ಇಂಜಿನ್ನಿಗೆ ಸುಮಾರು ಆರೇಳು ಲೀಟರು, ಲಾರಿಗೆ ಅದರ ಗಾತ್ರದಂತೆ ಹತ್ತು ಹದಿನೈದು ಲೀಟರು ಹಿಡಿಯುತ್ತದೆ ಎಂಬುದನ್ನು ನೆನೆದರೆ ಲೆಕ್ಕ ನಿಮಗೇ ತಿಳಿದೀತು. ಡಿಪ್ ಸ್ಟಿಕ್ಕಿನಲ್ಲಿ ಆಯಿಲ್ ಕೆಳಗಿನ ಗೆರೆಗಿಂತ ಇಳಿದ ಗಾಡಿ ಸಮನೆಲದಲ್ಲಿ ಹೇಗೋ ಓಡಬಹುದು. ಹುಲಿಕಲ್ ಘಾಟಿಯಂಥ ಏರಿನಲ್ಲಿ ಚೇಂಬರಿನ ಆಯಿಲ್ ಒಂದು ಪಕ್ಕಕ್ಕೆ ಸರಿದು ಪಂಪಿನ ಬಾಯಿಗೆ ಗಾಳಿ ಸಿಕ್ಕುತ್ತದೆ. ಆಯಿಲ್ ಒತ್ತಡದ ಕೆಂಪು ದೀಪ ಹೊತ್ತಿತೆಂದರೆ ಅಲ್ಲೇ ಇಂಜಿನ್ ಆರಿಸಿ. ಮುಂದಿನ ಬಂಕಿನವರೆಗೆ ಹೋಗೋಣ ಎಂದವರ ಇಂಜಿನ್ ಬಂಕು ಮುಟ್ಟುವ ಮೊದಲೇ ಹಿಡಿದುಕೊಂಡಿರುತ್ತದೆ.

ಈಗ ಬಿಗಿಯ ವಿಚಾರ. ಒಂದಡಿ ಉದ್ದದ ಸ್ಪ್ಯಾನರಿನ ತುದಿಯನ್ನು 15 ಕೆ.ಜಿ. ಭಾರದಷ್ಟು ಒತ್ತಿದರೆ ಪ್ಲಗ್ಗಿನ ಮೇಲೆ ಸುಮಾರು ನಾಲ್ಕೂವರೆ ಕೆ.ಜಿ.-ಮೀಟರ್ ತಿರುಚುಬಲ ಬೀಳುತ್ತದೆ. ಅದೇ ಸ್ಪ್ಯಾನರಿಗೆ ಪೈಪು ತೊಡಿಸಿ ಮೂರಡಿ ಮಾಡಿದಿರೆನ್ನಿ. ಕೈಯ ಶಕ್ತಿ ಅಷ್ಟೇ, ಪ್ಲಗ್ಗಿನ ಮೇಲೆ ಬೀಳುವ ಬಲ ಮಾತ್ರ ಹದಿಮೂರಕ್ಕೂ ಮೇಲೆ. ಸಣ್ಣ ಪಿಕಪ್ಪಿನ ಪ್ಲಗ್ಗಿಗೆ ಸಾಮಾನ್ಯವಾಗಿ ಮೂರು ನಾಲ್ಕು ಕೆ.ಜಿ.-ಮೀಟರ್ ಸಾಕು. ಲಾರಿಯ ದಪ್ಪ ಪ್ಲಗ್ಗಿಗೆ ಹೆಚ್ಚು ಬೇಕು. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಅಂಕಿ ಇರುತ್ತದೆ. ಚೇಂಬರು ಅಲ್ಯೂಮಿನಿಯಮ್ಮಿನದಾದರೆ ಉಕ್ಕಿನ ಪ್ಲಗ್ಗು ಅದರ ಥ್ರೆಡ್ಡನ್ನು ಬೆಣ್ಣೆಯಂತೆ ಕೊರೆದುಕೊಂಡು ಬರುತ್ತದೆ. ಬಿಗಿ ಮಾಡುತ್ತಾ ಇದ್ದಂತೆ ಸ್ಪ್ಯಾನರು ಒಮ್ಮೆಗೇ ಹಗುರವಾದರೆ ಥ್ರೆಡ್ಡು ಹೋಯಿತೆಂದೇ ಅರ್ಥ.

ಸೋರುವ ಪ್ಲಗ್ಗುಗಳಲ್ಲಿ ಹೆಚ್ಚಿನವುಗಳ ದೋಷ ವಾಷರಿನದು. ಪ್ಲಗ್ಗಿನ ತಲೆಗೂ ಚೇಂಬರಿಗೂ ನಡುವೆ ತಾನು ಜಜ್ಜಿಕೊಂಡು ಸಂದು ಮುಚ್ಚುವುದೇ ವಾಷರಿನ ಕೆಲಸ. ಒಮ್ಮೆ ಜಜ್ಜಿದ್ದು ಗಟ್ಟಿಯಾಗುತ್ತದೆ, ಎರಡನೆಯ ಸಲ ಅಷ್ಟು ಚೆನ್ನಾಗಿ ಕೂಡುವುದಿಲ್ಲ. ಪ್ರತಿ ಸಲ ಆಯಿಲ್ ಬದಲಿಸುವಾಗಲೂ ಹೊಸ ವಾಷರು ಹಾಕಿಸಿಕೊಳ್ಳಿ. ಅದರ ಬೆಲೆ ಒಂದು ಲೀಟರ್ ಆಯಿಲ್‌ನ ಬೆಲೆಯ ಮುಂದೆ ಲೆಕ್ಕಕ್ಕೇ ಇಲ್ಲ.

ಹೊಸದು ಸಿಗದ ಹಳ್ಳಿಯಲ್ಲಿ ಏನು ಮಾಡುವುದು? ವಾಷರು ಅಪ್ಪಟ ತಾಮ್ರದ್ದಾದರೆ ದಾರಿಯುಂಟು. ಅದನ್ನು ಕೆಂಡದಲ್ಲಿಟ್ಟು ಮಂದವಾಗಿ ಕೆಂಪೇರುವವರೆಗೆ ಕಾಯಿಸಿ, ಇಕ್ಕಳದಿಂದ ಹಿಡಿದು ನೀರಿಗೆ ಹಾಕಿ. ತಾಮ್ರ ಮತ್ತೆ ಮೆತ್ತಗಾಗುತ್ತದೆ. ಕಮ್ಮಾರಸಾಲೆ ಕಂಡವರಿಗೆ ಇದು ವಿಚಿತ್ರವೆನಿಸಬಹುದು. ಕುಡುಗೋಲನ್ನು ಕಾಯಿಸಿ ನೀರಿಗೆ ಅದ್ದುವುದು ಗಟ್ಟಿಯಾಗಲೆಂದಲ್ಲವೆ? ಅದು ಉಕ್ಕಿನ ಗುಣ. 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದವರು ನಿಮ್ಮ ಓದುವ ಮನೆಯಲ್ಲಿ ಯಾರಾದರೂ ಇದ್ದರೆ ಕೇಳಿ ನೋಡಿ. ತಾಮ್ರಕ್ಕೆ ಆ ಗುಣವಿಲ್ಲ. ಅದನ್ನು ನೀರಿಗೆ ಹಾಕಿದರೂ ಗಾಳಿಯಲ್ಲಿ ಆರಲು ಬಿಟ್ಟರೂ ಮೆತ್ತಗೇ ಆಗುವುದು. ಮೇಲೆ ಕಟ್ಟಿದ ಕರಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ತೊಳೆದು ಒರೆಸಿರಿ. ಆಳವಾದ ಗೀರು ಬಿದ್ದಿದ್ದರೆ ಮಾತ್ರ ಎಸೆಯಿರಿ. ಫೈಬರ್ ವಾಷರಿಗೆ, ಅಲ್ಯೂಮಿನಿಯಂ ವಾಷರಿಗೆ, ನಡುವೆ ರಬ್ಬರು ಕೂಡಿಸಿದ ಉಕ್ಕಿನ ವಾಷರಿಗೆ ಈ ಉಪಾಯ ನಡೆಯದು.

ಹಳೆಯ ಟ್ಯೂಬು ಕತ್ತರಿಸಿ ವಾಷರು ಮಾಡುವವರಿದ್ದಾರೆ. ಬಿಸಿ ಆಯಿಲ್‌ಗೆ ಆ ರಬ್ಬರು ಉಬ್ಬಿ ಮೆತ್ತಗಾಗಿ ಜಾರುತ್ತದೆ. ಪ್ಲಗ್ಗು ಸಡಿಲವಾಗಿ ದಾರಿಯಲ್ಲೇ ಉದುರಿದರೆ ಚೇಂಬರು ನಿಮಿಷಗಳಲ್ಲಿ ಬರಿದು. ನೂಲು ಸುತ್ತುವುದೂ ಬೇಡ, ಅದರ ಎಳೆ ಒಳಗೆ ಹೋಗಿ ಆಯಿಲ್ ಎಳೆಯುವ ಜಾಲರಿಗೆ ಕಟ್ಟುತ್ತದೆ. ಸಾಬೂನು ಮೆತ್ತಿದರೆ ಎಣ್ಣೆ ಪಸೆಯ ಮೇಲೆ ಅದು ನಿಲ್ಲುವುದಿಲ್ಲ.

ಬಿಚ್ಚುವ ಕೆಲಸಕ್ಕೆ ಸಮನೆಲ ಹುಡುಕಿ. ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಗಳಿಗೆ ಹಿಂದೆಯೂ ಮುಂದೆಯೂ ಮರದ ಅಡ್ಡ ಕೊಟ್ಟು, ಬೀಗದ ಕೈಯನ್ನು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಯಾವ ಕಾರಣಕ್ಕೂ ಹೋಗಬೇಡಿ. ಇಂಜಿನ್ ಉಗುರುಬೆಚ್ಚಗಿದ್ದರೆ ಆಯಿಲ್ ಸರಾಗವಾಗಿ ಇಳಿಯುತ್ತದೆ. ಆಗ ತಾನೆ ದೂರದಿಂದ ಬಂದ ಗಾಡಿಯಾದರೆ ಕೈ ಸುಟ್ಟೀತು, ಅರ್ಧ ಗಂಟೆಯಾದರೂ ಬಿಡಿ. ಗೇರ್ ಬಾಕ್ಸಿಗೂ ಹಿಂದಿನ ಹೌಸಿಂಗಿಗೂ ಇಂಥದೇ ಪ್ಲಗ್ಗುಗಳಿವೆ. ಅದನ್ನು ಬಿಚ್ಚಿ, ಇಂಜಿನ್ನಿಗೆ ಎರಡರಷ್ಟು ಆಯಿಲ್ ಸುರಿದವರೂ ಉಂಟು. ಆದುದರಿಂದ ಇಂಜಿನ್ನಿನ ಚೇಂಬರೇ ಹೌದೆಂದು ಖಚಿತಪಡಿಸಿಕೊಳ್ಳಿ.

ಸರಿಯಾದ ಅಳತೆಯ ರಿಂಗ್ ಸ್ಪ್ಯಾನರನ್ನೇ ಬಳಸಿ. ಪ್ಲಗ್ಗಿನ ತಲೆಯನ್ನು ನೇರ ನೋಡುತ್ತಾ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿ. ಮಲಗಿ ಕೆಲಸ ಮಾಡುವಾಗ ದಿಕ್ಕು ತಪ್ಪುವುದು ಸಹಜ. ಬಿಚ್ಚುತ್ತೇನೆಂದು ಬಿಗಿದು ಥ್ರೆಡ್ಡು ಕಿತ್ತವರು ಅನುಭವಿಗಳಲ್ಲೂ ಇದ್ದಾರೆ. ಕೊನೆಯ ಸುತ್ತುಗಳನ್ನು ಕೈಯಿಂದಲೇ, ಪ್ಲಗ್ಗನ್ನು ಒಳಕ್ಕೆ ಒತ್ತಿಹಿಡಿದು ತಿರುಗಿಸಿ ಥಟ್ಟನೆ ಪಕ್ಕಕ್ಕೆ ತೆಗೆಯಿರಿ. ಆಯಿಲ್ ಇತ್ತೀಚೆಗೆ ಹಾಕಿಸಿದ್ದಾದರೆ ತೊಳೆದೊಣಗಿಸಿದ ಪಾತ್ರೆಯಲ್ಲಿ ಹಿಡಿದು, ನೂಲು ಬಿಡದ ಬಟ್ಟೆಯಲ್ಲಿ ಸೋಸಿ ಅದನ್ನೇ ಮತ್ತೆ ಹಾಕಬಹುದು.

ಇಳಿದ ಆಯಿಲನ್ನು ಒಮ್ಮೆ ನೋಡದೆ ಬಿಡಬೇಡಿ. ಕಪ್ಪಗಿರುವುದು ಡೀಸೆಲ್ ಇಂಜಿನ್ನಿನ ಸ್ವಭಾವ. ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ. ಮಿನುಗುವ ಲೋಹದ ಚೂರುಗಳಿದ್ದರೆ ಬೇರಿಂಗ್ ಸವೆಯುತ್ತಿದೆ. ಇವೆರಡರಲ್ಲಿ ಯಾವುದು ಕಂಡರೂ ಪ್ಲಗ್ಗಿನ ಚಿಂತೆ ಬಿಟ್ಟು ಮೇಸ್ತ್ರಿಯನ್ನು ಕರೆಸಿ. ಪ್ಲಗ್ಗಿನ ತುದಿಯಲ್ಲಿ ಅಯಸ್ಕಾಂತವಿದ್ದು ಅದಕ್ಕೆ ಬೂದುಬಣ್ಣದ ನುಣುಪು ಪಸೆ ಅಂಟಿದ್ದರೆ ಗಾಬರಿ ಬೇಡ, ಒರೆಸಿ ಬಿಡಿ.

ಹಳೆಯ ವಾಷರು ಚೇಂಬರಿಗೇ ಅಂಟಿಕೊಂಡಿರುತ್ತದೆ. ಅದನ್ನು ತೆಗೆಯದೆ ಮೇಲೊಂದು ಹಾಕಿದರೆ ಎರಡರ ನಡುವೆ ಸೋರುತ್ತದೆ. ವಾಷರು ಕೂರುವ ಜಾಗವನ್ನು ಒರೆಸಿ ಬೆರಳಾಡಿಸಿ. ಗೀರು, ಮಣ್ಣು, ಸೀಳು ಏನಿದ್ದರೂ ಬೆರಳಿಗೇ ಮೊದಲು ತಿಳಿಯುವುದು. ಹೊಸ ವಾಷರು ತೊಡಿಸಿ ಪ್ಲಗ್ಗನ್ನು ಬೆರಳಿನಿಂದಲೇ ಕೊನೆಯವರೆಗೂ ತಿರುಗಿಸಿ. ಎರಡು ಸುತ್ತಿಗೇ ಹಿಡಿದುಕೊಂಡರೆ ಅದು ಅಡ್ಡ ಕೂತಿದೆ, ಬಿಚ್ಚಿ ಮತ್ತೆ ಕೂರಿಸಿ. ಆಮೇಲಷ್ಟೇ ಸ್ಪ್ಯಾನರು, ಪೈಪು ಬೇಡ, ಕಾಲಿನಿಂದ ಒದೆಯುವುದೂ ಬೇಡ.

ಪ್ಲಗ್ಗಿನ ಥ್ರೆಡ್ಡು ಹಾಳಾಗಿದ್ದರೆ ಹೊಸ ಪ್ಲಗ್ಗು ಕೊಂಡರಾಯಿತು. ಚೇಂಬರಿನದು ಹಾಳಾಗಿದ್ದರೆ ಚೇಂಬರನ್ನೇ ಬಿಚ್ಚಿಸಿ ಲೇತ್ ಇರುವ ವರ್ಕ್‌ಶಾಪಿಗೆ ಒಯ್ಯಬೇಕು. ಶಿವಮೊಗ್ಗ, ಭದ್ರಾವತಿ, ನಡುವಿನ ಮಾಚೇನಹಳ್ಳಿ ಕಡೆಯವರಿಗೆ ಇಂಥ ಕೆಲಸ ಬಲ್ಲವರು ದೂರವಿಲ್ಲ. ರಂಧ್ರವನ್ನು ತುಸು ದೊಡ್ಡದು ಮಾಡಿ ಹೊಸ ಥ್ರೆಡ್ಡು ಕೊರೆದು ದಪ್ಪ ಪ್ಲಗ್ಗು ಹಾಕುತ್ತಾರೆ, ಇಲ್ಲವೆ ಉಕ್ಕಿನ ಸುರುಳಿಯನ್ನೋ ಬುಷ್ಷನ್ನೋ ಕೂರಿಸಿ ಹಳೆಯ ಅಳತೆಗೇ ತರುತ್ತಾರೆ. ತನ್ನ ಥ್ರೆಡ್ಡನ್ನು ತಾನೇ ಕೊರೆದುಕೊಂಡು ಕೂರುವ ದಪ್ಪ ಪ್ಲಗ್ಗೂ ಪೇಟೆಯಲ್ಲಿದೆ, ಆದರೆ ಅದು ಮನೆ ಸೇರುವವರೆಗಿನ ಉಪಾಯ. ಕೊರೆದ ಚೂರು ಒಳಗೇ ಉಳಿಯುವ ಭಯವಿದೆ. ಚೇಂಬರು ಗಾಡಿಯಲ್ಲಿದ್ದಂತೆಯೇ ವೆಲ್ಡಿಂಗ್ ಮಾಡಿಸಲು ಒಪ್ಪಬೇಡಿ, ಎಣ್ಣೆ ಹೊತ್ತಿಕೊಂಡೀತು.

ಹಳೆಯ ಆಯಿಲನ್ನು ನಮ್ಮಲ್ಲಿ ಬೇಲಿಯ ಗೂಟಕ್ಕೆ ಬಳಿಯುತ್ತಾರೆ, ಉಣ್ಣೆ ಹೋಗಲೆಂದು ದನದ ಮೈಗೆ ಹಚ್ಚುತ್ತಾರೆ, ಆಲೆಮನೆಯ ಒಲೆಗೂ ಸುರಿಯುತ್ತಾರೆ. ಇದನ್ನು ನಾನು ಒಪ್ಪಲಾರೆ. ಬಳಸಿದ ಆಯಿಲ್‌ನಲ್ಲಿ ಸವೆದ ಲೋಹಗಳೂ, ಚರ್ಮಕ್ಕೆ ಬಹುಕಾಲ ತಗುಲಿದರೆ ಕ್ಯಾನ್ಸರ್ ತರಬಲ್ಲ ಪದಾರ್ಥಗಳೂ ಇರುತ್ತವೆ. ದನ ತನ್ನ ಮೈಯನ್ನು ತಾನೇ ನೆಕ್ಕುತ್ತದೆ. ಬಾವಿಯ ಬಳಿ ಚೆಲ್ಲಿದರೆ ಮನೆಮಂದಿಯೆಲ್ಲ ಆ ನೀರು ಕುಡಿಯಬೇಕು. 2016ರ ಕೇಂದ್ರ ನಿಯಮಗಳು ಇದನ್ನು ಅಪಾಯಕಾರಿ ತ್ಯಾಜ್ಯಗಳಲ್ಲಿ ಸೇರಿಸಿವೆ. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿಟ್ಟು, ಹಳೆ ಆಯಿಲ್ ಕೊಳ್ಳುವವರಿಗೆ ಕೊಡುವ ಗ್ಯಾರೇಜಿಗೆ ಒಪ್ಪಿಸಿ. ಬಾಯ್ತೆರೆದ ಪಾತ್ರೆಯನ್ನು ಕರು, ಮಕ್ಕಳು ಓಡಾಡುವ ಅಂಗಳದಲ್ಲಿ ಬಿಡಬೇಡಿ. ಕೈಯನ್ನು ಸಾಬೂನಿನಿಂದ ತೊಳೆಯಿರಿ.

ಪ್ಲಗ್ಗು ಕೂತ ಮೇಲೆ ಪುಸ್ತಕದಲ್ಲಿ ಹೇಳಿದ ದರ್ಜೆಯ ಆಯಿಲನ್ನೇ ಡಿಪ್ ಸ್ಟಿಕ್ಕಿನ ಮೇಲ್ಗೆರೆಯವರೆಗೆ ತುಂಬಿ. ಗಾಡಿ ಚಾಲೂ ಮಾಡಿದಾಗ ಕೆಂಪು ದೀಪ ಕೆಲವೇ ಕ್ಷಣಗಳಲ್ಲಿ ಆರಬೇಕು. ಎರಡು ನಿಮಿಷ ಓಡಿಸಿ ನಿಲ್ಲಿಸಿ, ಐದು ನಿಮಿಷ ಕಳೆದು ಮತ್ತೆ ಅಳತೆ ನೋಡಿ. ಪ್ಲಗ್ಗಿನ ತಲೆಯಿಂದ ಚೇಂಬರಿನವರೆಗೆ ಬಣ್ಣದ ಒಂದು ಗೆರೆ ಎಳೆದಿಡಿ. ಆ ರಾತ್ರಿ ಗಾಡಿಯ ಅಡಿಗೆ ಒಂದು ರಟ್ಟು ಹಾಸಿ, ಬೆಳಿಗ್ಗೆ ಎಳೆದು ನೋಡಿ. ಮೊದಲ ಬಾಡಿಗೆ ಮುಗಿಸಿ ಬಂದಾಗಲೂ ಬಗ್ಗಿ ಒಮ್ಮೆ ನೋಡಿ. ಗೆರೆ ಕೂಡಿಕೊಂಡೇ ಇದ್ದರೆ ಪ್ಲಗ್ಗು ಕದಲಿಲ್ಲ; ಎರಡು ತುಂಡಾಗಿ ಸರಿದಿದ್ದರೆ ವಾಷರು ಇನ್ನೂ ಕೂರುತ್ತಿದೆ, ಇಂಜಿನ್ ಆರಿದ ಮೇಲೆ ಸ್ಪ್ಯಾನರಿನಿಂದ ಗೆರೆ ಕೂಡುವಷ್ಟು ಮಾತ್ರ ತಿರುಗಿಸಿ.